ಚಕ್ಕುಬಂದಿಯ ಖಾಲಿ ಜಾಗ

2024 ಜೂನ್ 9, ಭಾನುವಾರ, ತಿಪಟೂರು

ಎರಡು ರಾತ್ರಿಯಿಂದ ಸರಿಯಾಗಿ ನಿದ್ದೆ ಇಲ್ಲ. ಶುಕ್ರವಾರ ತಡೆಯಾಜ್ಞೆ ಅರ್ಜಿಯ ಮೇಲೆ ವಾದಕ್ಕೆ ನಿಂತಾಗ ಎದುರು ವಕೀಲರು ನಮ್ಮ ದಾವಾಪತ್ರದ ಷೆಡ್ಯೂಲಿನಲ್ಲಿದ್ದ ಚಕ್ಕುಬಂದಿಯನ್ನು, ಅಂದರೆ ಹೊಲದ ನಾಲ್ಕು ಎಲ್ಲೆಗಳನ್ನು, ಗಟ್ಟಿಯಾಗಿ ಓದಿದರು. ಪೂರ್ವ, ಪಶ್ಚಿಮ, ದಕ್ಷಿಣ ಸರಿ ಇತ್ತು. ಉತ್ತರಕ್ಕೆ ಬಂದಾಗ ಹಿಂದಿನ ಬೆಂಚಿನಲ್ಲಿದ್ದ ನಮ್ಮ ಕಕ್ಷಿದಾರ ತಲೆ ಎತ್ತಿ ನನ್ನ ಕಡೆ ನೋಡಿದ. ಅವನ ಹೊಲದ ಉತ್ತರಕ್ಕಿರುವುದು ಹಳ್ಳ. ಕಾಗದದಲ್ಲಿದ್ದದ್ದು ಮೂರು ವರ್ಷದ ಹಿಂದೆ ಮುಗಿದುಹೋದ ಬೇರೊಂದು ದಾವೆಯ, ಬೇರೆ ಹೋಬಳಿಯ, ಯಾರದೋ ತೆಂಗಿನ ತೋಟ. ತಿದ್ದುಪಡಿಗೆ ಅರ್ಜಿ ಹಾಕಬೇಕಾಯಿತು. ವಾಯಿದೆ ಹದಿನೆಂಟು ದಿನ ಮುಂದೆ ಹೋಯಿತು. ಅಷ್ಟರೊಳಗೆ ಆ ಕಡೆಯವರು ಬದು ಒಡೆದರೆ ಅವನು ಯಾರನ್ನು ಕೇಳಬೇಕು?

ಹೊರಗೆ ಬಂದ ಮೇಲೆ ಅವನು ಬೈಯಲಿಲ್ಲ. "ನಾನು ಹಳ್ಳ ಅಂತ್ಲೇ ಹೇಳಿದ್ದೆ ಕಣವ್ವ" ಅಂದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ತಪ್ಪು ಎಲ್ಲಿಂದ ಬಂತೆಂದು ನನಗೆ ಗೊತ್ತು. ಹೊಸ ಕೇಸು ಬಂದಾಗ ಅದೇ ಥರದ ಹಳೆಯ ಕೇಸಿನ ಫೈಲು ತೆರೆಯುತ್ತೇವೆ, ಹೆಸರು ಬದಲಾಯಿಸುತ್ತೇವೆ, ಬೇರೆ ಹೆಸರಿನಲ್ಲಿ ಉಳಿಸುತ್ತೇವೆ. ಯಾರಾದರೂ "ಪಾರ್ಟಿಷನ್ನಿಗೆ ಫಾರ್ಮ್ಯಾಟ್ ಇದೆಯಾ?" ಎಂದು ಕೇಳಿದರೆ ಕೊಡುವುದೂ ಅದನ್ನೇ. ಅದು ಫಾರ್ಮ್ಯಾಟಲ್ಲ, ಇನ್ನೊಬ್ಬರ ಬದುಕು. ಅವರ ಹೆಸರು ಅಳಿಸಿದರೂ ಅವರ ಬೇಲಿ, ಅವರ ಸಾಲ, ಅವರ ಹೆಂಡತಿಯ ವಯಸ್ಸು ಯಾವುದೋ ಪ್ಯಾರಾದಲ್ಲಿ ಉಳಿದುಕೊಂಡಿರುತ್ತದೆ.

ಆದ್ದರಿಂದ ಈವತ್ತು ರಜೆಯಾದರೂ ಮೂವರೂ ಕೂತೆವು: ನಾನು, ಜೂನಿಯರ್ ಹುಡುಗಿ, ನನ್ನ ಸೀನಿಯರ್ ಕಾಲದಿಂದ ಇರುವ ಗುಮಾಸ್ತರು. ಒಂದೇ ಒಂದು ನಿಯಮ ಮಾಡಿಕೊಂಡೆವು. ಫಾರ್ಮ್ಯಾಟಿನಲ್ಲಿ ಒಬ್ಬ ಮನುಷ್ಯನ ಹೆಸರೂ ಇರಕೂಡದು, ಒಂದು ಸರ್ವೆ ನಂಬರೂ ಇರಕೂಡದು. ವಿವರವೆಲ್ಲ ಎಕ್ಸೆಲ್ ಹಾಳೆಯಲ್ಲಿ ಸಾಲಾಗಿ ಇರಬೇಕು. ವರ್ಡಿನ ಮೇಲ್ ಮರ್ಜ್ ಅದನ್ನು ಎತ್ತಿ ದಾವಾಪತ್ರ, ಪ್ರಮಾಣಪತ್ರ, ವಕಾಲತ್ತು, ದಾಖಲೆ ಪಟ್ಟಿ ನಾಲ್ಕಕ್ಕೂ ತುಂಬಬೇಕು. ಹೊಸ ಸಾಫ್ಟ್‌ವೇರ್ ಕೊಳ್ಳುವುದು ಬೇಕಿಲ್ಲ, ಇರುವುದರಲ್ಲೇ ಇದೆಲ್ಲ ಆಗುತ್ತದೆ.

ಇದರಲ್ಲಿ ಒಂದು ಅಪಾಯವಿದೆ. ಎಕ್ಸೆಲ್‌ನಲ್ಲಿ ಒಂದು ಮನೆ ಖಾಲಿ ಬಿಟ್ಟರೆ ಮೇಲ್ ಮರ್ಜ್ ಸದ್ದಿಲ್ಲದೆ ಖಾಲಿ ಬಿಡುತ್ತದೆ, ಓದುವವರ ಕಣ್ಣು ಅದರ ಮೇಲೆ ಜಾರಿ ಹೋಗುತ್ತದೆ. ಅದಕ್ಕೆ ಪ್ರತಿ ಜಾಗಕ್ಕೂ ಒಂದು ಷರತ್ತು ಹಾಕಿಸಿದೆ. ವಿವರ ಇಲ್ಲದಿದ್ದರೆ ಅಲ್ಲಿ ಕೆಂಪಕ್ಷರದಲ್ಲಿ "ಕೇಳಿಲ್ಲ" ಎಂದು ಬರಬೇಕು.

ಜೂನ್ 14, ಶುಕ್ರವಾರ

ಹಳೆಯ ಕಂಪ್ಯೂಟರಿನಲ್ಲಿ ಹದಿನೈದು ವರ್ಷದ ಕಾಗದಪತ್ರವಿದೆ, ಎಲ್ಲವೂ ಹಳೆಯ ನುಡಿ ತಂತ್ರಾಂಶದ ಅಕ್ಷರಗಳಲ್ಲಿ. ಅದರಲ್ಲಿ "ಚಕ್ಕುಬಂದಿ" ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ಪರಕೀಯ ಅಕ್ಷರಗಳ ಸಂತೆ. ಯುನಿಕೋಡ್ ಬಳಕೆಗೆ ಬಾರದ ಕಾಲಕ್ಕೆ ಅದೇ ನಮ್ಮನ್ನು ಕಾಪಾಡಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನುಡಿಗೆ ಬಂದದ್ದರಿಂದ ಈವತ್ತಿಗೂ ಯೋಚಿಸದೆ ಬೆರಳು ಓಡುತ್ತದೆ. ಅದಕ್ಕೆ ಕೃತಜ್ಞಳೇ. ಆದರೆ ಈಗ ದಾಟಲೇಬೇಕು.

ಪರಿವರ್ತಕದಲ್ಲಿ ಹಾಕಿದರೆ ಕನ್ನಡದ ಮಟ್ಟಿಗೆ ಚೆನ್ನಾಗಿ ಬರುತ್ತದೆ. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡಿನಲ್ಲಿ ಅಕ್ಷರಕ್ಕಿಂತ ಮೊದಲು ಬರಬೇಕು. ಅದನ್ನೂ ಸರಿಯಾಗಿ ಮಾಡುತ್ತದೆ. ಕೆಡುವುದು ನಡುವೆ ಇಂಗ್ಲಿಷಿನಲ್ಲಿ ಟೈಪಾದ ಮಾತುಗಳು. ಕೇಸ್ ನಂಬರಿನ ಮುಂದಿನ "ಓ.ಎಸ್.", ಬ್ಯಾಂಕಿನ ಹೆಸರು, ಇವೆಲ್ಲವನ್ನೂ ಅದು ನುಡಿಯೆಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಒಟ್ಟಿಗೆ ಎಲ್ಲವನ್ನೂ ದಾಟಿಸುವ ಆಸೆ ಬಿಟ್ಟೆ. ಇಪ್ಪತ್ತೆರಡು ಬಗೆಯ ಕಾಗದ ಸಾಕು. ಅದನ್ನು ಹೊಸದಾಗಿ, ಒಂದೊಂದು ವಾಕ್ಯ ಓದಿ ಟೈಪ್ ಮಾಡುವುದು.

ಜೂನ್ 23, ಭಾನುವಾರ

ಈವತ್ತಿನಷ್ಟು ಸಂತೋಷ ಈ ಕೆಲಸದಲ್ಲಿ ಇನ್ನೂ ಸಿಕ್ಕಿರಲಿಲ್ಲ.

ಇಂಗ್ಲಿಷಿನ ನಮೂನೆಗಳಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ತುಂಬಿದರೆ ಮುಗಿಯಿತು. ಕನ್ನಡದಲ್ಲಿ ಹೆಸರು ಸುಮ್ಮನೆ ಕೂರುವುದಿಲ್ಲ. ರಾಮಯ್ಯನಿಗೆ, ಪಾರ್ವತಿಗೆ, ಗುರುವಿಗೆ, ಮಹೇಶನಿಗೆ. ಒಂದೇ "ಗೆ" ಪ್ರತ್ಯಯ ನಾಲ್ಕು ಕಡೆ ಮೂರು ರೀತಿ ಅಂಟುತ್ತದೆ. ಕ್ರಿಯಾಪದವಂತೂ ಗಂಡೋ ಹೆಣ್ಣೋ ಒಬ್ಬರೋ ಹಲವರೋ ಎಂದು ಕೇಳಿಯೇ ಮುಗಿಯುತ್ತದೆ. ಜೂನಿಯರ್ ಎರಡು ದಿನ ಕೂತು ಪ್ರತಿ ಹೆಸರಿಗೂ ಐದೈದು ರೂಪ ಬರೆಯುವ ಕಾಲಂ ಮಾಡಿದ್ದಳು. ಅದು ನಡೆಯುವ ಮಾತಲ್ಲ.

ಆಗ ಗುಮಾಸ್ತರು ಕಪಾಟಿನಿಂದ ಹಳೆಯ ಕಟ್ಟೊಂದನ್ನು ಇಳಿಸಿದರು. ಸೀನಿಯರ್ ಅವರ ತಂದೆಯ ಕಾಲದ ಅಚ್ಚಾದ ಫಾರಂಗಳು, ಅಡಮಾನ ಪತ್ರ, ಸಾಲದ ಚೀಟಿ. ಖಾಲಿ ಗೆರೆ, ಅದರ ಮುಂದೆ "ರವರಿಗೆ". ಖಾಲಿ ಗೆರೆ, ಅದರ ಮುಂದೆ "ಎಂಬುವವರಿಂದ". ವಾಕ್ಯದ ಕೊನೆಗೆ "ಬರೆದುಕೊಟ್ಟಿರುತ್ತಾರೆ". ಗಂಡಸಾದರೂ ಹೆಂಗಸಾದರೂ, ಒಬ್ಬರಾದರೂ ನಾಲ್ವರಾದರೂ ಅದೇ ವಾಕ್ಯ ನಿಲ್ಲುತ್ತದೆ. ನಾವು ಈಗ ಕಂಪ್ಯೂಟರಿಗೆ ಕಲಿಸಲು ಹೆಣಗುತ್ತಿರುವುದನ್ನು ಪತ್ರ ಬರಹಗಾರರು ಸೀಸದ ಮೊಳೆಯ ಕಾಲದಲ್ಲೇ ಬಗೆಹರಿಸಿಟ್ಟಿದ್ದರು. ಕೋರ್ಟಿನ ಕನ್ನಡ ಕಟ್ಟಿಗೆಯ ಹಾಗೆ ಬಿಗಿ ಎಂದು ಇಷ್ಟು ವರ್ಷ ಬೇಸರಪಟ್ಟುಕೊಂಡಿದ್ದೆ. ಆ ಬಿಗಿಗೆ ಒಂದು ಕೆಲಸವಿತ್ತು.

ನಮ್ಮಪ್ಪ ಕನ್ನಡ ಮೇಷ್ಟ್ರು. "ರವರು" ಎಂಬ ಪದವೇ ಇಲ್ಲ, "ಅವರು" ಎನ್ನಬೇಕೆಂದು ಮದುವೆ ಪತ್ರಿಕೆಗಳನ್ನೂ ಬಿಡದೆ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. ನಮ್ಮ ಫಾರ್ಮ್ಯಾಟಿನಲ್ಲಿ "ಅವರಿಗೆ" ಎಂದೇ ಹಾಕಿಸಿದೆ. ಅನುಕೂಲ ಅಷ್ಟೇ ಇದೆ, ಅಪ್ಪನ ಮಾತೂ ಉಳಿಯಿತು.

ಜುಲೈ 6, ಶನಿವಾರ

ಸೋಮವಾರದಿಂದ ಹೊಸ ಕಾನೂನುಗಳು ಜಾರಿಗೆ ಬಂದಿವೆ. ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಹೋಗಿ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮವೂ ಹೊಸದು. ಫಾರ್ಮ್ಯಾಟಿನಲ್ಲಿ ಕಲಂ ಬದಲಿಸುವುದು ಒಂದು ಗಂಟೆಯ ಕೆಲಸವೆಂದು ನಾನೇ ಹೇಳಿದ್ದೆ. ಹಾಗೆ ಹೇಳಬಾರದಿತ್ತು.

ಜೂನಿಯರ್ ಹುಡುಕಿ ಬದಲಿಸುವ ಗುಂಡಿ ಒತ್ತುತ್ತಾ ಹೋಗಿದ್ದಾಳೆ. ನಿರೀಕ್ಷಣಾ ಜಾಮೀನಿನ ಹಳೆಯ 438 ಹೊಸದರಲ್ಲಿ 482. ಅದನ್ನು ಬದಲಿಸಿದಳು. ಆಮೇಲೆ ಹೈಕೋರ್ಟಿನ ಅಂತರ್ಗತ ಅಧಿಕಾರದ ಹಳೆಯ 482 ಹೊಸದರಲ್ಲಿ 528. ಅದನ್ನೂ ಬದಲಿಸಿದಳು. ಆಗ ಮೊದಲು ಬದಲಿಸಿದ 482 ಕೂಡ 528 ಆಯಿತು. ಸೆಷನ್ಸ್ ನ್ಯಾಯಾಲಯಕ್ಕೆ ಹಾಕುವ ಜಾಮೀನು ಅರ್ಜಿ ಹೈಕೋರ್ಟಿಗೆ ಮಾತ್ರ ಇರುವ ಅಧಿಕಾರದ ಕೆಳಗೆ ಬಂದು ಕೂತಿತು. ಜೀವನಾಂಶದ 125 ಈಗ 144, ನಿಷೇಧಾಜ್ಞೆಯ ಹಳೆಯ 144 ಈಗ 163. ಅಲ್ಲೂ ಇದೇ ಸರಪಳಿ.

ಇವೆಲ್ಲ ನನ್ನ ಕಣ್ಣಿಗೆ ಬಿತ್ತು. ಬೀಳದೇ ಹೋದದ್ದು ಇನ್ನೊಂದು. ಜೀವನಾಂಶ ಕೇಳಿ ಬಂದಿರುವ ಹೆಣ್ಣುಮಗಳ ಅರ್ಜಿಯಲ್ಲಿ ಗಂಡನ ಆದಾಯ ತೋರಿಸಲು ಅವನ ತೋಟದ ವಿವರವಿದೆ. ನಿನ್ನೆ ಸಂಜೆ ಗುಮಾಸ್ತರು ಅರ್ಜಿಯನ್ನು ರೂಢಿಯಂತೆ ಗಟ್ಟಿಯಾಗಿ ಓದುತ್ತಿದ್ದವರು ನಿಲ್ಲಿಸಿ, "ಮೇಡಂ, ಪಹಣಿಯಲ್ಲಿ 125/2 ಇದೆ. ಇಲ್ಲಿ 163/2 ಅಂತಿದೆಯಲ್ಲ?" ಅಂದರು. ಕಲಂ ಬದಲಿಸಿದ ಕೈ ಸರ್ವೆ ನಂಬರನ್ನೂ ಬದಲಿಸಿತ್ತು. ಹಾಗೇ ಹೋಗಿದ್ದರೆ ಆ ತೋಟ ತನ್ನದೇ ಅಲ್ಲವೆಂದು ಅವನು ಹೇಳುತ್ತಿದ್ದ, ಅದು ನಿಜವೂ ಆಗುತ್ತಿತ್ತು.

ಜೂನಿಯರ್ ಕಣ್ಣಲ್ಲಿ ನೀರು. ತಪ್ಪು ಅವಳದಲ್ಲ, ಅವಸರ ಮಾಡಿದವಳು ನಾನು. ಇನ್ನು ಮೇಲೆ ಕಲಂ ನಂಬರುಗಳನ್ನು ಕೈಯಿಂದಲೇ ಬದಲಿಸುವುದು. ಎರಡು ಕಟ್ಟು ಫಾರ್ಮ್ಯಾಟು ಬೇಕು: ಜುಲೈ 1ಕ್ಕೆ ಮೊದಲು ಬಾಕಿ ಇದ್ದವು ಹಳೆಯ ಸಿಆರ್‌ಪಿಸಿ ಪ್ರಕಾರವೇ ನಡೆಯಬೇಕೆಂದು ಹೊಸ ಸಂಹಿತೆಯ 531ನೇ ಕಲಮೇ ಹೇಳುತ್ತದೆ. ಎಷ್ಟು ವರ್ಷ ಈ ಎರಡು ಕಟ್ಟುಗಳನ್ನು ಹೊರಬೇಕೋ.

ಜುಲೈ 18, ಗುರುವಾರ

ಕೊಬ್ಬರಿ ವ್ಯಾಪಾರದ ಊರಿನಲ್ಲಿ ಚೆಕ್ ಬೌನ್ಸ್ ಕೇಸಿಗೆ ಬರವಿಲ್ಲ. ಅದರ ದಿನಗಳ ಲೆಕ್ಕಕ್ಕೆ ಒಂದು ಹಾಳೆ ಮಾಡಿದೆವು. ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸು, ನೋಟಿಸು ಮುಟ್ಟಿದ ಮೇಲೆ ಹಣ ಕೊಡಲು 15 ದಿನ, ಅದು ದಾಟಿದರೆ ಫಿರ್ಯಾದಿಗೆ ಒಂದು ತಿಂಗಳು. ಜೂನಿಯರ್ ಕೊನೆಯದಕ್ಕೂ 30 ಕೂಡಿಸಿದ್ದಳು. ಕಾನೂನಿನಲ್ಲಿರುವುದು ತಿಂಗಳು. 1897ರ ಜನರಲ್ ಕ್ಲಾಸಸ್ ಆಕ್ಟಿನ ಪ್ರಕಾರ ತಿಂಗಳೆಂದರೆ ಕ್ಯಾಲೆಂಡರಿನ ತಿಂಗಳು. ಮುಂದಿನ ವರ್ಷ ಫೆಬ್ರುವರಿ 5ಕ್ಕೆ ವ್ಯಾಜ್ಯಕಾರಣ ಹುಟ್ಟಿದರೆ ಮಾರ್ಚ್ 5ಕ್ಕೆ ಗಡುವು ಮುಗಿಯುತ್ತದೆ. 30 ಕೂಡಿಸಿದರೆ ಹಾಳೆ ಮಾರ್ಚ್ 7 ತೋರಿಸುತ್ತದೆ. ವಿಳಂಬ ಮನ್ನಿಸಿ ಎಂದು ಕೈಮುಗಿಯುವ ಪರಿಸ್ಥಿತಿ. ತಿಂಗಳು ಕೂಡಿಸುವುದಕ್ಕೆ ಎಕ್ಸೆಲ್‌ನಲ್ಲಿ ಇ-ಡೇಟ್ ಎಂಬ ಬೇರೆ ಸೂತ್ರವಿದೆ, ಅದನ್ನು ಹಾಕಿದೆವು.

ಎಕ್ಸೆಲ್‌ಗೆ ನಮ್ಮ ನೆಲದ ಲೆಕ್ಕ ಗೊತ್ತಿಲ್ಲ. ಸರ್ವೆ ನಂಬರ್ 5/2 ಎಂದು ಬರೆದರೆ ಅದು ಫೆಬ್ರುವರಿ 5 ಮಾಡುತ್ತದೆ, ಆ ಕಾಲಮ್ಮನ್ನು ಮೊದಲೇ ಅಕ್ಷರವೆಂದು ಹೇಳಿಟ್ಟಿರಬೇಕು. 2 ಎಕರೆ 35 ಗುಂಟೆಗೆ 1 ಎಕರೆ 10 ಗುಂಟೆ ಸೇರಿಸಿದರೆ 4 ಎಕರೆ 5 ಗುಂಟೆ. 2.35, 1.10 ಎಂದು ಬರೆದು ಕೂಡಿಸಿದರೆ 3.45 ಬರುತ್ತದೆ. ಎಕರೆಗೆ ನಲವತ್ತು ಗುಂಟೆಯೆಂದು ಅದಕ್ಕೆ ಯಾರೂ ಹೇಳಿಲ್ಲ. ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ ಮಾಡಿ, ನಲವತ್ತು ತುಂಬಿದರೆ ಎಕರೆಗೆ ಏರುವಂತೆ ಸೂತ್ರ ಬರೆದೆ.

ವಾಯಿದೆಗಳಿಗೆ ಇ-ಕೋರ್ಟ್ಸ್ ಆ್ಯಪ್ ಸಾಕು. ಹದಿನಾರು ಅಕ್ಷರದ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ದಿನಾಂಕ ಬರುತ್ತದೆ. ಆದರೂ ರಾತ್ರಿ ಡೈರಿಯಲ್ಲಿ ಕೈಯಲ್ಲಿ ಬರೆದುಕೊಳ್ಳುವುದನ್ನು ಬಿಡುವುದಿಲ್ಲ. ಬರೆದದ್ದು ನೆನಪಿನಲ್ಲಿ ನಿಲ್ಲುತ್ತದೆ.

ಆಗಸ್ಟ್ 11, ಭಾನುವಾರ

ನಾಲ್ಕು ವರ್ಷದ ಹಿಂದೆ ಇದೇ ದಿನ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ತೀರ್ಪು ಕೊಟ್ಟಿತು. ಹುಟ್ಟಿನಿಂದಲೇ ಮಗಳಿಗೆ ಪಾಲು, 2005ರ ತಿದ್ದುಪಡಿಯ ದಿನ ಅಪ್ಪ ಬದುಕಿರಬೇಕೆಂಬ ಷರತ್ತಿಲ್ಲ ಎಂದಿತು. 2015ರ ಪ್ರಕಾಶ್–ಫೂಲವತಿ ತೀರ್ಪು ಆ ಷರತ್ತು ಹಾಕಿತ್ತು. ನಮ್ಮ ಪಾರ್ಟಿಷನ್ ಫಾರ್ಮ್ಯಾಟಿನಲ್ಲಿ ಈವತ್ತಿಗೂ ಒಂದು ವಾಕ್ಯವಿತ್ತು: ಅಪ್ಪ 2005ರಲ್ಲಿ ಜೀವಂತವಾಗಿದ್ದರು ಎಂದು. ಸತ್ತ ಕಾನೂನು ನಕಲಿನಿಂದ ನಕಲಿಗೆ ಹೋಗುತ್ತಾ ಉಸಿರಾಡುತ್ತಿತ್ತು. ಅಪ್ಪ ಮೊದಲೇ ತೀರಿಹೋದ ಎಷ್ಟು ಹೆಣ್ಣುಮಕ್ಕಳನ್ನು ಈ ಒಂದು ಸಾಲು ಯಾವ ಯಾವ ಆಫೀಸಿನಿಂದ ವಾಪಸು ಕಳಿಸಿತೋ. ತೆಗೆದುಹಾಕಿ ಅಲ್ಲಿ ಒಂದು ಪ್ರಶ್ನೆ ಹಾಕಿದೆ: 2004 ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗ ಪತ್ರ ಇದೆಯೇ? ಈಗ ಕೇಳಬೇಕಾದದ್ದು ಅದು.

ಅಂಥದೇ ದಾವೆಗೆ ಐವತ್ತು ದಾಟಿದ ಹೆಂಗಸೊಬ್ಬರು ಬಂದಿದ್ದರು. ಫಾರ್ಮ್ಯಾಟಿನಲ್ಲಿ ಗಂಡಸಾದರೆ "ಬಿನ್", ಮದುವೆಯಾದ ಹೆಂಗಸಾದರೆ "ಕೋಂ" ತಾನಾಗಿ ಬರುವಂತೆ ಮಾಡಿದ್ದೆವು. ಜೂನಿಯರ್ ಓದಿ ಹೇಳುತ್ತಿದ್ದಂತೆ ಆಕೆ ತಡೆದರು. "ಅವನು ಬಿಟ್ಟು ಹೋಗಿ ಇಪ್ಪತ್ತು ವರ್ಷ ಆಯ್ತು ಲಾಯರಮ್ಮ. ಅಪ್ಪನ ಆಸ್ತಿ ಕೇಳೋಕೆ ಬಂದಿವ್ನಿ. ಅಪ್ಪನ ಹೆಸರು ಹಾಕಿ." ನ್ಯಾಯವಾದ ಮಾತು. ಮಗಳೆಂದು ಪಾಲು ಕೇಳುವಾಗ ಮಗಳೆಂದೇ ಬರೆಯಬೇಕು. "ಕೋಂ" ತಾನಾಗಿ ಬರುವುದನ್ನು ಕಿತ್ತುಹಾಕಿ ಅಲ್ಲೂ ಖಾಲಿ ಬಿಟ್ಟೆ: ನಿಮ್ಮನ್ನು ಹೇಗೆ ಬರೆಯಬೇಕು?

ಸೆಪ್ಟೆಂಬರ್ 5, ಗುರುವಾರ

ಜೂನಿಯರ್ ಕೇಳಿದಳು, ಇಷ್ಟೆಲ್ಲ ಕಷ್ಟ ಯಾಕೆ, ಎಐಗೆ ಕೊಟ್ಟರೆ ದಾವಾಪತ್ರವನ್ನೇ ಬರೆದುಕೊಡುತ್ತದಲ್ಲ ಎಂದು. ಕಳೆದ ವರ್ಷ ನ್ಯೂಯಾರ್ಕಿನಲ್ಲಿ ನಡೆದದ್ದನ್ನು ಹೇಳಿದೆ. ಮಾಟಾ ವಿರುದ್ಧ ಏವಿಯಾಂಕಾ ಪ್ರಕರಣದಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಹಾಕಿದರು, ಅಂಥ ತೀರ್ಪುಗಳೇ ಇರಲಿಲ್ಲ, 5,000 ಡಾಲರ್ ದಂಡ ಬಿತ್ತು. ಬಳಸಲೇಬಾರದು ಎನ್ನುವವಳಲ್ಲ ನಾನು. ತೀರ್ಪಿನ ಇಂಗ್ಲಿಷನ್ನು ಬಿಡಿಸಿಕೊಳ್ಳಲು ಬಳಸಲಿ. ಆದರೆ ಅದು ಖಾಲಿ ಜಾಗವನ್ನು ಖಾಲಿ ಬಿಡುವುದಿಲ್ಲ, ಏನಾದರೊಂದು ತುಂಬುತ್ತದೆ. ಉತ್ತರದ ಚಕ್ಕುಬಂದಿ ಗೊತ್ತಿಲ್ಲದಿದ್ದರೆ ನಂಬುವ ಹಾಗೆ ಒಂದು ಬರೆದೀತು. ನನಗೆ ಬೇಕಾಗಿರುವುದು "ಕೇಳಿಲ್ಲ" ಎಂದು ಹೇಳುವ ಯಂತ್ರ.

ಕಕ್ಷಿದಾರರ ಗುಟ್ಟಿನ ಮಾತೂ ಇದೆ. ವಕೀಲರಿಗೆ ಹೇಳಿದ್ದು ವಕೀಲರಲ್ಲೇ ಇರಬೇಕೆನ್ನುವ ಹಳೆಯ 126ನೇ ಕಲಂ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 132 ಆಗಿದೆ, ಅರ್ಥ ಹಾಗೇ ಇದೆ. ಯಾವುದೋ ಉಚಿತ ತಾಣಕ್ಕೆ ವಿಲ್ಲನ್ನು ಅಂಟಿಸುವುದು ಹೇಗೆ ಸರಿ? ಹಾಗೆ ಯೋಚಿಸಿದಾಗ ನಾವೇ ಮಾಡುತ್ತಿದ್ದ ತಪ್ಪೊಂದು ಹೊಳೆಯಿತು. ಪ್ರಿಂಟಿಗೆಂದು ಝೆರಾಕ್ಸ್ ಅಂಗಡಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಆಧಾರ್, ಪಾಸ್‌ಬುಕ್ಕು ಎಲ್ಲ ಆ ಕಂಪ್ಯೂಟರಿನಲ್ಲೇ ಬಿದ್ದಿರುತ್ತವೆ. ಹಬ್ಬ ಮುಗಿದ ಮೇಲೆ ಒಂದು ಪ್ರಿಂಟರ್ ಕೊಳ್ಳುವುದು.

ಅಕ್ಟೋಬರ್ 11, ಶುಕ್ರವಾರ, ಆಯುಧಪೂಜೆ

ಗುಮಾಸ್ತರೇ ಬಂದು ಪೂಜೆ ಮಾಡಿದರು. ಕಂಪ್ಯೂಟರಿಗೆ, ಹೊಸ ಪ್ರಿಂಟರಿಗೆ, ಮೂಲೆಯಲ್ಲಿರುವ ಸೀನಿಯರ್ ಅವರ ಟೈಪ್‌ರೈಟರಿಗೆ ವಿಭೂತಿ, ಕುಂಕುಮ, ಸೇವಂತಿಗೆ. ಮಂಗಳಾರತಿ ಕೊಟ್ಟ ಮೇಲೆ ಮೆಲ್ಲಗೆ ಕೇಳಿದರು, "ಇದೆಲ್ಲ ಇದೇ ಮಾಡಿದರೆ ನಾನು ಇನ್ನೇನು ಮಾಡಲಿ ಮೇಡಂ?" ತಿಂಗಳುಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂದು ಕಾಣುತ್ತದೆ. ನಾನೇ ಮೊದಲು ಮಾತಾಡಬೇಕಿತ್ತು.

ಅವರನ್ನು ಕೂರಿಸಿ, ತೋಟದ ದಾವೆಗೆ ಜನ ಬಂದಾಗ ಅವರು ಕೇಳುವುದನ್ನೆಲ್ಲ ಹೇಳಿಸಿದೆ. ಜೂನಿಯರ್ ಬರೆದುಕೊಂಡಳು. ಫಲಕ್ಕೆ ಬಂದ ಮರ ಎಷ್ಟು, ಸಸಿ ಎಷ್ಟು? ಬಾವಿ ಯಾರ ಪಾಲಿನಲ್ಲಿದೆ, ನೀರಿಗೆ ಸರದಿ ಹೇಗೆ? ಕೊಳವೆ ಬಾವಿಯ ಕರೆಂಟ್ ಮೀಟರ್ ಯಾರ ಹೆಸರಿನಲ್ಲಿದೆ? ಗಾಡಿ ಹೋಗುವ ದಾರಿ ಯಾವ ಕಡೆಯಿಂದ, ಅದು ನಕಾಶೆಯಲ್ಲಿದೆಯೋ ರೂಢಿಯಲ್ಲಿ ಮಾತ್ರವೋ? ಹಿರಿಯರ ಸಮಾಧಿ ಇದೆಯೇ? ಪೌತಿ ಖಾತೆ ಆಗಿದೆಯೇ, ಆಗ ಸಹಿ ಹಾಕದೇ ಉಳಿದವರು ಯಾರು? ಮೂವತ್ತೊಂದು ಪ್ರಶ್ನೆ ಆದವು. ಇದರಲ್ಲಿ ಹತ್ತನ್ನು ನಾನು ಯಾವತ್ತೂ ಕೇಳಿದವಳಲ್ಲ. ಪ್ರಶ್ನಾವಳಿಯ ಮೊದಲ ಹಾಳೆ ಅದೇ. ಕೇಳುವುದು, ತುಂಬುವುದು, ಕೊನೆಗೆ ಗಟ್ಟಿಯಾಗಿ ಓದುವುದು ಅವರ ಕೆಲಸ, ಅವರು ಓದದೆ ಯಾವ ಕಾಗದವೂ ಹೊರಗೆ ಹೋಗುವಂತಿಲ್ಲ. ದಸರೆಗೆ ಸಂಬಳ ಎರಡು ಸಾವಿರ ಹೆಚ್ಚು ಮಾಡಿದೆ. ಇನ್ನೂ ಮೊದಲೇ ಮಾಡಬೇಕಿತ್ತು.

ನವೆಂಬರ್ 17, ಭಾನುವಾರ

ಬುಧವಾರ ಬಂದಿದ್ದ ಅಜ್ಜನ ದಾವಾಪತ್ರ ನಲವತ್ತು ನಿಮಿಷದಲ್ಲಿ ಸಿದ್ಧವಾಯಿತು. ಮೊದಲಾದರೆ ಎರಡು ದಿನ ಹಿಡಿಯುತ್ತಿತ್ತು. ಆದರೆ ಷೆಡ್ಯೂಲಿನಲ್ಲಿ ಕೆಂಪಕ್ಷರದಲ್ಲಿ ನಾಲ್ಕು ಸಲ "ಕೇಳಿಲ್ಲ". ಪಹಣಿಯಲ್ಲಿ ಚಕ್ಕುಬಂದಿ ಇರುವುದಿಲ್ಲ, ಅವರಲ್ಲಿದ್ದದ್ದು 1974ರ ಕ್ರಯಪತ್ರ. ಅದರಲ್ಲಿರುವ ನಾಲ್ಕು ಹೆಸರಿನವರೂ ಈಗಿಲ್ಲ. ಗುಮಾಸ್ತರು ಕೇಳದೆ ಬಿಟ್ಟಿರಲಿಲ್ಲ. ಆಫೀಸಿನೊಳಗೆ ಕೂತ ಅಜ್ಜನಿಗೆ ಪೂರ್ವ ಯಾವ ಕಡೆಯೆಂದೇ ಹೊಳೆಯಲಿಲ್ಲ. ಎದ್ದು ಹೊರಗೆ ಹೋಗಿ ಬಿಸಿಲು ನೋಡಿ ಬಂದರೂ ಸರಿಹೋಗಲಿಲ್ಲ. "ಅಲ್ಲಿ ನಿಂತ್ಕಂಡ್ರೆ ಹೇಳ್ತೀನಿ ಕಣವ್ವ" ಅಂದರು.

ಉಳಿದ ಒಂದೂವರೆ ದಿನವಿತ್ತಲ್ಲ, ಈವತ್ತು ಮೂವರೂ ಹೋದೆವು. ಅಜ್ಜ ತೋಟದ ನಡುವೆ ನಿಂತು ಮುಖ ತಿರುಗಿಸುತ್ತಾ ಹೋದರು. ಪೂರ್ವಕ್ಕೆ ತಮ್ಮನ ಮಕ್ಕಳ ತೋಟ. ದಕ್ಷಿಣಕ್ಕೆ ಗಾಡಿದಾರಿ. ಪಶ್ಚಿಮಕ್ಕೆ ಹುಣಸೆಮರವಿದ್ದ ಬದು. ಮರ ಹೋಗಿ ಎಂಟು ವರ್ಷವಾಯಿತು, ಬುಡ ಇದೆ. ಜೂನಿಯರ್ ಮೊಬೈಲಿನಲ್ಲಿ ಒಂದೊಂದನ್ನೇ ತುಂಬಿದಳು. ಉತ್ತರಕ್ಕೆ ತಿರುಗಿ ಅಜ್ಜ ಸುಮ್ಮನಾದರು. ಹೊಸ ತಂತಿಬೇಲಿ, ಒಳಗೆ ಕಲ್ಲು ಕಂಬಗಳು. "ಬೆಂಗಳೂರಿನೋರು ತಗೊಂಡವ್ರಂತೆ. ಒಂದು ದಿನಾನೂ ಮುಖ ನೋಡಿಲ್ಲ" ಅಂದರು. ನಾಳೆ ಪಕ್ಕದ ನಂಬರಿನ ಪಹಣಿ ತೆಗೆಸಬೇಕು. ಉತ್ತರದ ಸಾಲು ಈ ರಾತ್ರಿಗೆ ಕೆಂಪಾಗಿಯೇ ಇರಲಿ.

ಆಮೇಲೆ ಮರ ಎಣಿಸಿದೆವು. ಅಜ್ಜ ಪ್ರತಿ ಮರದ ಮೈ ಮುಟ್ಟಿ ಎಣಿಸುತ್ತಾ ಮುಂದೆ ನಡೆದರು, ಗುಮಾಸ್ತರು ಅವರ ಹಿಂದೆ ಚೀಟಿಯಲ್ಲಿ ಗೀಟು ಹಾಕುತ್ತಾ. ಗುಮಾಸ್ತರ ಲೆಕ್ಕ ಅರವತ್ತೆರಡು, ಅಜ್ಜನ ಲೆಕ್ಕ ಅರವತ್ತನಾಲ್ಕು. ಮತ್ತೆ ಎಣಿಸಿದರೂ ಅಷ್ಟೇ. ಆಮೇಲೆ ಗೊತ್ತಾಯಿತು, ಹೋದ ಮಳೆಗೆ ಉರುಳಿದ ಎರಡು ಮರಗಳ ಬಳಿಯೂ ಅಜ್ಜ ಬಗ್ಗಿ ಮುಟ್ಟಿ ಎಣಿಸಿದ್ದರು. "ಬಿದ್ದವು ಬರೆಯೋ ಹಾಗಿಲ್ಲ ತಾತ" ಅಂದಳು ಜೂನಿಯರ್. "ನೀನು ಬರೀಬ್ಯಾಡ ಮಗ. ನಾನು ನೆಟ್ಟಿದ್ದು ಅಂತ ಎಣಿಸ್ದೆ" ಅಂದರು ಅಜ್ಜ.